ಹೋದ ವರ್ಷದ ನಂಬರುಗಳು

ಅಬ್ನರ್ ಪ್ರೌಟಿಗೆ ಜೀವನದಲ್ಲಿ ಸಿಕ್ಕ ಕೆಲಸಗಳೆಲ್ಲ ಒಂದು ಓಟದ ಮೇಲೆ ಸಿಕ್ಕವು. ಮಾತಿಗೆ ಹೇಳುತ್ತಿಲ್ಲ, ಒಂದೇ ಓಟ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಮೆರಿಕದ ಪೂರ್ವದ ಕಡೆಯ ದೊಡ್ಡ ಕಾಲೇಜೊಂದರಲ್ಲಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಲ್ಲಿನ ಫುಟ್‌ಬಾಲ್ ತಂಡದಲ್ಲಿದ್ದಾಗ, ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಎಪ್ಪತ್ತು ಗಜ ಓಡಿ ಪಂದ್ಯ ಗೆಲ್ಲಿಸಿದ್ದ. ಪೇಪರಿನಲ್ಲಿ ಅವನ ಚಿತ್ರ ಬಂತು. ಆಮೇಲೆ ಕ್ಯಾನ್ಸಸ್‌ನಲ್ಲಿ ಒಂದು ವರ್ಷ, ನೆಬ್ರಾಸ್ಕದಲ್ಲಿ ಒಂದು ವರ್ಷ, ಮಿಷಿಗನ್‌ನಲ್ಲಿ ಮೂರು, ನಡುವೆ ಹೆಸರೂ ನೆನಪಿಲ್ಲದ ಊರುಗಳು. ಆಗೆಲ್ಲ ಕೋಚ್ ಅಂದರೆ ಸೆಪ್ಟೆಂಬರಿನಲ್ಲಿ ಬಂದು ನವೆಂಬರಿನ ಕೊನೆಗೆ ಗಂಟುಮೂಟೆ ಕಟ್ಟುವ ಆಸಾಮಿ. ಗೆದ್ದರೆ ಇನ್ನೊಂದು ವರ್ಷ, ಸೋತರೆ ರೈಲು.

ಹೋದಲ್ಲೆಲ್ಲ ಮೊದಲ ದಿನ ಹುಡುಗರು ಸುತ್ತ ಕೂತು ಆ ಓಟದ ಕತೆ ಕೇಳುತ್ತಿದ್ದರು. ಅವನೂ ಹೇಳುತ್ತಿದ್ದ. ಯಾರು ಕಾಲಿಗೆ ಬಿದ್ದು ಹಿಡಿಯಲು ನೋಡಿದ, ಯಾರನ್ನು ಮೊಣಕೈಯಿಂದ ತಳ್ಳಿದ್ದು, ಜನ ಬೇಲಿ ಮುರಿದು ಒಳಗೆ ಹೇಗೆ ನುಗ್ಗಿದರು, ಒಂದೂ ಬಿಡದೆ ಹೇಳುತ್ತಿದ್ದ.

ತೊಂದರೆ ಏನೆಂದರೆ ಅವನಿಗೆ ಅದು ನೆನಪಿರಲಿಲ್ಲ. ಮರೆತದ್ದಲ್ಲ, ಮೊದಲಿನಿಂದಲೇ ಇರಲಿಲ್ಲ. ಅಂಗಳದ ಪಕ್ಕ ಕೂತು ಬೂಟಿನ ಲಾಡಿ ಬಿಗಿದದ್ದು ನೆನಪಿತ್ತು. ಅದರ ಬೆನ್ನಿಗೇ ಹೋಟೆಲೊಂದರಲ್ಲಿ ಕುರಿಮಾಂಸದ ತಟ್ಟೆಯ ಮುಂದೆ ಕೂತಿದ್ದಾನೆ, ಕಂಡುಕೇಳರಿಯದವರು ಬಂದು ಬೆನ್ನು ತಟ್ಟುತ್ತಿದ್ದಾರೆ. ನಡುವಿನ ಎರಡು ತಾಸು ಇಲ್ಲ. ಮರುದಿನ ಪೇಪರ್ ಓದಿ ತಿಳಿದುಕೊಂಡ. ಆಟದಲ್ಲಿ ತಲೆಗೆ ಪೆಟ್ಟು ಬಿದ್ದಿರಬೇಕು, ಅವತ್ತಿನಿಂದ ಮೂಗಿಗೆ ವಾಸನೆಯೂ ಹತ್ತುವುದಿಲ್ಲ. ಹನ್ನೊಂದು ವರ್ಷ ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಬಿಟ್ಟರೆ ಅವನಲ್ಲಿ ಇನ್ನೇನು ಉಳಿಯುತ್ತಿತ್ತು?

ಸಾವಿರದ ಒಂಬೈನೂರ ಎಂಟರಲ್ಲಿ ಅವನು ಒಹಾಯೋದ ವೆಂಡೋವರ್ ಕಾಲೇಜಿನಲ್ಲಿದ್ದ. ಅದು ಅಲ್ಲಿ ಅವನ ಎರಡನೆಯ ವರ್ಷ. ಕಾಲೇಜಿನ ಅಧ್ಯಕ್ಷರು ಡಾಕ್ಟರ್ ಲೂಥರ್ ಬೀಮ್ ಎಂಬ ಪಾದ್ರಿ. ಅವರು ಅಕ್ಟೋಬರಿನಲ್ಲೇ ಕರೆದು ಹೇಳಿದ್ದರು: ನವೆಂಬರಿನ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಕ್ರಾಫ್ಟನ್ ಕಾಲೇಜನ್ನು ಸೋಲಿಸಿದರೆ ಐದು ವರ್ಷದ ಕೆಲಸ, ಇರಲು ಮನೆ. ಪ್ರೌಟಿ ಆ ಮನೆಯನ್ನು ನೋಡಿ ಬಂದಿದ್ದ. ಎರಡು ಕೋಣೆ, ಹಿಂದೆ ಒಂದು ಸೇಬಿನ ಗಿಡ. ಮೂವತ್ತೆರಡು ವರ್ಷದ ಗಂಡಸು ಪೆಟ್ಟಿಗೆಯೊಳಗಿನ ಬಟ್ಟೆ ತೆಗೆದು ಗೂಟಕ್ಕೆ ತೂಗುಹಾಕಿ ಎಷ್ಟು ಕಾಲವಾಗಿತ್ತೋ.

ತಂಡದ ಕ್ಯಾಪ್ಟನ್ ಓರಿನ್ ಶಾಲ್. ಗಿರಣಿಯವನ ಮಗ, ಗಟ್ಟಿಗ, ಬಾಯಾಳಿ. ಪ್ರತಿ ಸಲ ಚೆಂಡು ಯಾರ ಕೈಗೆ, ಯಾವ ಕಡೆಗೆ ಎಂದು ನಂಬರು ಕೂಗಿ ಹೇಳುವವನು ಅವನೇ. ಹೋದ ವರ್ಷದ ನಂಬರುಗಳನ್ನು ಕ್ರಾಫ್ಟನ್‌ನವರು ಕದ್ದು ಕಲಿತಿದ್ದಾರೆಂದು ಪ್ರೌಟಿ ಈ ಸೆಪ್ಟೆಂಬರಿನಲ್ಲಿ ಎಲ್ಲವನ್ನೂ ಬದಲಿಸಿದ್ದ. ಹುಡುಗರು ಮೂರು ವಾರ ತಲೆ ಕೆರೆದುಕೊಂಡು ಹೊಸದನ್ನು ಬಾಯಿಪಾಠ ಮಾಡಿದ್ದರು.

ಪಂದ್ಯದ ದಿನ ನೆಲ ಹೆಪ್ಪುಗಟ್ಟಿ ಹಂಚಿನಂತಾಗಿತ್ತು. ಮೊದಲರ್ಧದಲ್ಲಿ ಕ್ರಾಫ್ಟನ್‌ನವರು ಚೆಂಡನ್ನು ಕಂಬಗಳ ನಡುವೆ ಒದ್ದು ನಾಲ್ಕು ಅಂಕ ಗಳಿಸಿದರು. ಎರಡನೆಯ ಅರ್ಧದಲ್ಲಿ ಓರಿನ್‌ನ ಮೇಲೆ ಇಬ್ಬರು ಬಿದ್ದರು, ಅವನ ತಲೆ ನೆಲಕ್ಕೆ ಬಡಿದ ಸದ್ದು ಬೆಂಚಿನವರೆಗೂ ಕೇಳಿಸಿತು. ಎದ್ದ, ಉಗುಳಿದ, ನಕ್ಕ. ಜನ ಕೇಕೆ ಹಾಕಿದರು. ಆಮೇಲೆ ಕೂಗಿದ: ನಲವತ್ತೊಂದು, ಹದಿನೇಳು.

ಹೋದ ವರ್ಷದ ನಂಬರು.

ಹಳಬರು ಅಭ್ಯಾಸಬಲದಿಂದ ಎಡಕ್ಕೆ ನುಗ್ಗಿದರು, ಹೊಸಬರು ಬಲಕ್ಕೆ. ಆ ಗೊಂದಲದಲ್ಲಿ ಕ್ರಾಫ್ಟನ್‌ನವರೂ ಕಕ್ಕಾಬಿಕ್ಕಿಯಾಗಿ ವೆಂಡೋವರ್‌ಗೆ ಹನ್ನೆರಡು ಗಜ ಸಿಕ್ಕಿತು.

ಬೆಂಚಿನಲ್ಲಿ ಪ್ರೌಟಿಯ ಪಕ್ಕಕ್ಕೆ ಕೂತಿದ್ದ ಬದಲಿ ಆಟಗಾರ ವಿಲ್ಬರ್ ಟೀಟ್ಸ್ ಬಗ್ಗಿದ. "ಕೋಚ್ ಸಾರ್, ಓರಿನ್ ಹಳೇ ನಂಬರ್ ಕೂಗ್ತಾ ಇದಾನೆ."

"ಕೇಳಿಸ್ತು."

"ಅವ್ರನ್ನ ಯಾಮಾರ್ಸಕ್ಕೇ ಇರ್ಬೇಕು. ಕಳ್ಳ ನನ್ಮಗ, ತಲೆ ನೋಡಿ ಹೆಂಗ್ ಓಡತ್ತೆ."

"ಇರ್ಬೋದು," ಎಂದ ಪ್ರೌಟಿ.

ಇನ್ನೆರಡು ಸಲ ಅದೇ ಆಯಿತು. ಚೆಂಡು ಎದುರಾಳಿಯ ಗೆರೆಗೆ ಎಂಟು ಗಜ ದೂರಕ್ಕೆ ಬಂತು. ದಾಟಿಸಿದರೆ ಐದು ಅಂಕ, ಪಂದ್ಯ ಮುಗಿದಂತೆ. ಯಾರದೋ ಬೂಟು ಕಿತ್ತುಹೋಗಿ ಆಟ ನಿಂತಿತು. ಓರಿನ್ ಬಾಯಿ ಮುಕ್ಕಳಿಸಲು ಸುಣ್ಣದ ಗೆರೆಯ ಪಕ್ಕದ ಬಕೆಟ್ಟಿನ ಹತ್ತಿರ ಬಂದ. ಪ್ರೌಟಿಯನ್ನು ನೋಡಿ ಮೆಲ್ಲಗೆ ಕೇಳಿದ, "ಸಾರ್, ಆಟ ಯಾವಾಗ ಶುರು ಮಾಡ್ತಾರೆ?"

ಆಗಿನ ನಿಯಮ ಇದು: ಪಂದ್ಯ ನಡೆಯುವಾಗ, ಆಟ ನಿಂತಿದ್ದರೂ, ಕೋಚ್ ಒಳಗಿರುವವರಿಗೆ ತುಟಿ ಪಿಟಕ್ಕೆನ್ನುವಂತಿಲ್ಲ, ಕೈಸನ್ನೆ ಮಾಡುವಂತಿಲ್ಲ. ಮಾಡಿದರೆ ತಂಡ ಹದಿನೈದು ಗಜ ಹಿಂದಕ್ಕೆ. ಅಂಪೈರ್ ಎರಡು ಮಾರು ದೂರದಲ್ಲಿ ಪ್ರೌಟಿಯ ಬಾಯಿಯನ್ನೇ ನೋಡುತ್ತ ನಿಂತಿದ್ದ.  ಓರಿನ್ ಉತ್ತರಕ್ಕೆ ಒಂದು ಗಳಿಗೆ ಕಾದು ಹೊರಟುಹೋದ.

ಬದಲಿಯನ್ನು ಕಳಿಸಲು ಮಾತ್ರ ಅಡ್ಡಿಯಿರಲಿಲ್ಲ. ಪ್ರೌಟಿ ಟೀಟ್ಸ್‌ನ ಬೆನ್ನಿಗೆ ಕೈಯಿಟ್ಟು ತಳ್ಳಿದ. "ಹೋಗೋ. ಓರಿನ್‌ನ ಆಚೆ ಕಳ್ಸು." ಒಮ್ಮೆ ಆಚೆ ಬಂದವನು ಮತ್ತೆ ಒಳಗೆ ಹೋಗುವಂತಿರಲಿಲ್ಲ. ಟೀಟ್ಸ್ ಓಡಿದ, ಅಷ್ಟೇ ಬೇಗ ತಿರುಗಿ ಬಂದ. ಒಳಗೆ ಕ್ಯಾಪ್ಟನ್‌ನ ಮಾತೇ ಮಾತು.

"ಬರಲ್ವಂತೆ ಸಾರ್. 'ನಿನ್ನ ಯಾವನೋ ಕರ್ದಿದ್ದು, ಹೋಗಿ ಬೆಂಚು ಬಿಸಿ ಮಾಡು' ಅಂದ." ಟೀಟ್ಸ್ ದನಿ ತಗ್ಗಿಸಿದ. "ನನ್ನ ವಾಲ್ಟರ್ ಅಂತ ಕರ್ದ ಸಾರ್."

ತಂಡದಲ್ಲಿದ್ದ ವಾಲ್ಟರ್ ಹೋದ ವರ್ಷವೇ ಓದು ಮುಗಿಸಿ ಹೋಗಿದ್ದ.

ಪ್ರೌಟಿ ಕೂತೇ ಇದ್ದ.  ಎದೆಯೊಳಗೆ ಏನೂ ಏಳಲಿಲ್ಲ. ಎಂಟು ಗಜ. ಆ ಹುಡುಗ ಓಡಿಯಾನು, ಗೆರೆ ದಾಟಿಯಾನು, ಪೇಪರಿನಲ್ಲಿ ಚಿತ್ರವೂ ಬಂದೀತು. ಅಥವಾ ಇನ್ನೊಮ್ಮೆ ತಲೆ ನೆಲಕ್ಕೆ ಬಡಿದು ಏಳದೆ ಬಿದ್ದಿದ್ದಾನು. ಎರಡನ್ನೂ ಪಕ್ಕದ ಮನೆಯ ಸುದ್ದಿ ಯೋಚಿಸಿದಂತೆ ಯೋಚಿಸಿದ. ಆಮೇಲೆ, ಗಾಳಿಗೆ ಬಡಿದುಕೊಳ್ಳುವ ಕಿಟಕಿ ಮುಚ್ಚಲು ಏಳುವವನಂತೆ ಎದ್ದು ಗೆರೆ ದಾಟಿ ಒಳಗೆ ನಡೆದ.

ಅಂಪೈರ್ ಸೀಟಿ ಊದಿದ. ಜನ ಬೈಯತೊಡಗಿದರು.

"ಸಾರ್, ಗೆರೆ ದಾಟಿದೀರ," ಎಂದ ಓರಿನ್, ತಪ್ಪು ತಿದ್ದುವವನಂತೆ.

"ಹೂಂ. ಬಾ."

"ಯಾಕೆ?"

"ಊಟಕ್ಕೆ ಹೊತ್ತಾಯ್ತು."

ಓರಿನ್ ಪ್ರೌಟಿಯ ಕೈಗೆ ಮೊಣಕೈ ಕೊಟ್ಟು ಹಿಂದೆ ಬಂದ. ವೆಂಡೋವರ್ ಹದಿನೈದು ಗಜ ಹಿಂದೆ ಹೋಯಿತು, ನಾಲ್ಕಕ್ಕೆ ಸೊನ್ನೆಯಲ್ಲಿ ಸೋತಿತು.

ಮರುದಿನ ಊರಿನ ಡಾಕ್ಟರು ಓರಿನ್‌ನ ಹೆಸರು ಕೇಳಿದರು, ತಾರೀಕು ಕೇಳಿದರು, ಎರಡೂ ಸರಿಯಿತ್ತು. ಹುಡುಗ ಗುಂಡುಕಲ್ಲಿನ ಹಾಗಿದ್ದಾನೆ ಎಂದು ಕಳಿಸಿದರು. ಸೋಮವಾರ ಓರಿನ್ ಸೀದಾ ಪ್ರೌಟಿಯ ಬಾಡಿಗೆ ಕೋಣೆಗೆ ಬಂದ, ಕೂರಲಿಲ್ಲ.

"ಹಳೇ ನಂಬರ್ ಬೇಕಂತ್ಲೇ ಕೂಗಿದ್ದು ಸಾರ್. ಎಲ್ಲಾ ನೆನಪಿದೆ ನಂಗೆ. ವೆಂಡೋವರ್ ವೀರರು ಉಕ್ಕಿನ ಅಲೆಯಂತೆ ಎದುರಾಳಿಯ ಬಾಗಿಲವರೆಗೂ ಮುನ್ನುಗ್ಗಿದ್ವಿ. ನೀವು ಬಂದು ಕೆಡಿಸಿದ್ರಿ."

ಗಿರಣಿಯವನ ಮಗ ಉಕ್ಕಿನ ಅಲೆ ಅನ್ನುವುದಿಲ್ಲ. ಅದು ಶನಿವಾರದ ಪೇಪರಿನ ಸಾಲು, ಪ್ರೌಟಿಯೂ ಓದಿದ್ದ.

"ನೀರು ಕುಡಿಯಕ್ಕೆ ಬಂದಾಗ ನನ್ನ ಏನ್ ಕೇಳ್ದೆ?"

"ನೀರಿಗೆ ಬಂದಿದ್ನಾ?" ಎಂದವನು ತಕ್ಷಣ, "ಅಂಥ ಚಿಲ್ರೆ ವಿಷ್ಯ ಎಲ್ಲ ಯಾರ್ ತಲೇಲಿ ಇಟ್ಕೋತಾರೆ," ಎಂದ. "ಮುಂದಿನ ವರ್ಷಾನೂ ನಾನೇ ಕ್ಯಾಪ್ಟನ್. ಹುಡುಗ್ರು ಆರಿಸಾಗಿದೆ. ನೀವಿರಲ್ಲ ಅಷ್ಟೇ."

ಬುಧವಾರ ಡಾಕ್ಟರ್ ಬೀಮ್ ಕರೆಸಿದರು. ಕೆಟ್ಟವರಲ್ಲ, ಕೆಲಸ ಮುಗಿದರೆ ಸಾಕು ಅನ್ನುವ ಜಾತಿ.

"ನೋಡಿ ಪ್ರೌಟಿ, ಟ್ರಸ್ಟಿಗಳು ಕೆಂಡವಾಗಿದಾರೆ. ಸೋಲೋದು ಬೇರೆ, ಸೋಲ್ಸೋದು ಬೇರೆ ಅಂತಾರೆ. ನೀವೊಂದು ಮಾತು ಹೇಳ್ಬಿಡಿ. ಗಾಬರಿ ಆಯ್ತು, ಹುಡುಗ ಚೆನ್ನಾಗೇ ಇದ್ದ, ನನ್ನ ತಪ್ಪು ಅಂತ. ಐದು ವರ್ಷ ಕಷ್ಟ, ಒಂದು ವರ್ಷ ಕೊಡಿಸ್ತೀನಿ. ಮನೇನೂ ಇಟ್ಕೊಳಿ."

"ಹುಡುಗ ಚೆನ್ನಾಗಿರ್ಲಿಲ್ಲ. ಅವ್ನು ಮುಂದಿನ ವರ್ಷ ಆಡ್ಬಾರ್ದು."

"ಡಾಕ್ಟ್ರೇ ಸರಿ ಇದಾನೆ ಅಂದಿದಾರಲ್ಲ. ನಿಮಗೆ ಹೆಂಗ್ರೀ ಗೊತ್ತು?"

ಪ್ರೌಟಿ ಹೇಳಿದ. ಬೂಟಿನ ಲಾಡಿ, ಕುರಿಮಾಂಸದ ತಟ್ಟೆ, ನಡುವಿನ ಎರಡು ತಾಸು. ಹನ್ನೊಂದು ವರ್ಷ ಹೊತ್ತದ್ದನ್ನು ಇಳಿಸಿದರೆ ಹಗುರವಾಗುತ್ತದೆ ಅನ್ನುತ್ತಾರೆ. ಅವನಿಗೆ ಹಾಗೇನೂ ಆಗಲಿಲ್ಲ. ಅಂಗಡಿಗೆ ಬೇಕಾದ ಸಾಮಾನಿನ ಪಟ್ಟಿ ಓದಿದಂತೆ ಓದಿ ಮುಗಿಸಿದ.

ಬೀಮ್ ಕನ್ನಡಕ ತೆಗೆದರು. "ಹಂಗಾದ್ರೆ ಎರಡು ವರ್ಷ ನಾವು ಯಾರನ್ನ ಇಟ್ಕೊಂಡಿದ್ವಿ?"

"ಅವ್ನನ್ನೇ. ಓಡಿದ್ದು ನಾನೇ. ನಾನು ನೋಡ್ಲಿಲ್ಲ, ಅಷ್ಟೇ."

"ಇದನ್ನ ಬರ್ದು ಕೊಟ್ರೆ ಹುಡುಗನ ತಂದೆಗೆ ಕಳಿಸ್ಬೋದು. ಅಪ್ಪ ಬೇಡ ಅಂದ್ರೆ ಅವ್ನು ಆಡೋ ಹಂಗಿಲ್ಲ." ಅವರು ತಡೆದು ಹೇಳಿದರು, "ಆದ್ರೆ ಆ ಗಿರಣಿಯವ್ನ ಬಾಯಿ ಊರಿಗೇ ದೊಡ್ಡದು. ಪೇಪರ್‌ನೋರಿಗೆ ಸಿಕ್ಕೇ ಸಿಗತ್ತೆ. ಆಮೇಲೆ ನಿಮ್ಮನ್ನ ಯಾವ ಕಾಲೇಜು ಕರೆಯತ್ತೆ ಹೇಳಿ."

ಪ್ರೌಟಿ ಮೇಜಿನ ಮೇಲಿದ್ದ ಕಾಗದ ಎಳೆದುಕೊಂಡ. ಗಿರಣಿಯವನ ಪೂರ್ತಿ ಹೆಸರು ಕೇಳಿ ಬರೆದ. ಒಂದು ಪುಟವೂ ತುಂಬಲಿಲ್ಲ. ಸಹಿ ಹಾಕಿ ಆಚೆ ತಳ್ಳಿದ. ಬೀಮ್ ಎರಡು ಸಲ ಓದಿದರು.

"ಮುಂದೇನ್ ಮಾಡ್ತೀರಿ?"

"ಊಟ ಮಾಡ್ತೀನಿ," ಎಂದ ಪ್ರೌಟಿ. "ಆಮೇಲೆ ನೋಡಣ."