ಹಲವಾಗಲಿನ ಕರೆಂಟ್ ಮೀನು

ಕೊಟ್ಟೂರಿನ ಶಿವಲೀಲಾ ಒಂದು ಪುಟ್ಟ ವಾರಪತ್ರಿಕೆ ನಡೆಸುತ್ತಿದ್ದಳು. ಜೊತೆಗೆ ಫೋನಿನಲ್ಲೇ ಒಂದು ಸುದ್ದಿ ಚಾನೆಲ್. ಚುನಾವಣೆ ಹತ್ತಿರ ಬಂದಾಗ ಮುಖಂಡ ಗುರುಸಂಗಪ್ಪನವರು ಹರಪನಹಳ್ಳಿಯಲ್ಲಿ ಪತ್ರಿಕಾಗೋಷ್ಠಿ ಕರೆದರು. ಎದುರಾಳಿಗಳು ತುಂಗಭದ್ರೆಗೆ ವಿದೇಶಿ ಕರೆಂಟ್ ಮೀನು ಬಿಟ್ಟಿದ್ದಾರೆ, ಮುಟ್ಟಿದವರು ಸುಟ್ಟು ಕರಕಲಾಗುತ್ತಾರೆ, ದಂಡೆಯ ಜನರನ್ನು ಓಡಿಸಿ ಹೊಲ ನುಂಗುವ ಹುನ್ನಾರವಿದು, ತಾವು ಗೆದ್ದರಷ್ಟೇ ಊರು ಉಳಿದೀತು ಎಂದರು. ಪತ್ರಕರ್ತರು ಮಂಡಕ್ಕಿ ಮೆಲ್ಲುತ್ತ ಬರೆದುಕೊಂಡರು. ಶಿವಲೀಲಾ ಮಾತ್ರ ಎದ್ದು, ಮೀನು ನೋಡಿದವರು ಯಾರು ಎಂದು ಕೇಳಿದಳು.

"ಹಲವಾಗಲಿನಾಗ ಯಾರನ್ನ ಬೇಕಾದ್ರೂ ಕೇಳವ್ವಾ," ಎಂದು ಗುರುಸಂಗಪ್ಪನವರು ಮಂಡಕ್ಕಿ ತಟ್ಟೆಯನ್ನು ಅವಳತ್ತ ಸರಿಸಿದರು.

ಮರುದಿನ ಬೆಳಿಗ್ಗೆಯೇ ಅವಳು ಸ್ಕೂಟಿ ಹತ್ತಿ ತುಂಗಭದ್ರೆಯ ದಂಡೆಯ ಹಲವಾಗಲಿಗೆ ಹೋದಳು. ಹೊಳೆಗೆ ಒಬ್ಬರೂ ಇಳಿದಿರಲಿಲ್ಲ. ಹೆಂಗಸರು ಬಟ್ಟೆಗಂಟು ಇಟ್ಟುಕೊಂಡು ದಂಡೆಯಲ್ಲಿ ಕುಳಿತಿದ್ದರು. ಎಮ್ಮೆಗಳಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ, ಕತ್ತಿನವರೆಗೆ ಮುಳುಗಿದ್ದವು. ಹೋಟೆಲಿನ ಪಾಲಾಕ್ಷ ತಾನು ಮೀನು ನೋಡಿಲ್ಲ, ಅರಸೀಕೆರೆಯ ತನ್ನ ಭಾವಮೈದ ನೋಡಿದ್ದಾನೆ ಎಂದ. ಭಾವಮೈದನಿಗೆ ಫೋನು ಹಚ್ಚಿದರೆ, ತನಗೆ ಹೇಳಿದವನೇ ಪಾಲಾಕ್ಷ ಎಂದ.

ಇನ್ನು ಕೇಳುವುದೇನೂ ಉಳಿಯಲಿಲ್ಲ. ಶಿವಲೀಲಾ ಲೈವ್ ಹಚ್ಚಿ, ಚೂಡಿದಾರ ಎತ್ತಿಕೊಂಡು ಹೊಳೆಗಿಳಿದಳು. ನೀರು ಮೊಣಕಾಲಿಗೆ ಬಂತು. ಹೆದರುವಂಥದ್ದು ಇಲ್ಲೇನೂ ಇಲ್ಲ ಎಂದು ವೀಕ್ಷಕರಿಗೆ ಹೇಳುತ್ತಿದ್ದಾಗಲೇ ತಣ್ಣನೆಯ, ನುಣ್ಣನೆಯ ಏನೋ ಒಂದು ಕಾಲಿಗೆ ಸುತ್ತಿಕೊಂಡಿತು. ಅವಳು ಕಿರುಚಿದ ಅಬ್ಬರಕ್ಕೆ ಎಮ್ಮೆಗಳೂ ಎದ್ದು ನಿಂತವು.

ದಂಡೆಯಲ್ಲಿದ್ದ ಹೊನ್ನೂರಮ್ಮ ಸೆರಗು ಕಟ್ಟಿ ನೀರಿಗಿಳಿದಳು. ಕೈಹಾಕಿ ಅದನ್ನು ಎಳೆದಳು. ಬಂದದ್ದು ಹಳೆಯ ಚುನಾವಣೆಯ ಫ್ಲೆಕ್ಸು. ಪಾಚಿ ಒರೆಸಿದರೆ ಕೈಮುಗಿದು ನಿಂತ ಗುರುಸಂಗಪ್ಪನವರು ಕಾಣಿಸಿಕೊಂಡರು.

"ಯವ್ವಾ, ನೀರಾಗ ಇವ್ರೇ ಅದಾರ," ಎಂದಳು ಹೊನ್ನೂರಮ್ಮ.

ನಕ್ಕು ನಕ್ಕು ಸುಸ್ತಾದ ಹೆಂಗಸರು ಒಬ್ಬೊಬ್ಬರಾಗಿ ಗಂಟು ಬಿಚ್ಚಿ ನೀರಿಗಿಳಿದರು.

ಆದರೆ ಶಿವಲೀಲಾ ಹರಪನಹಳ್ಳಿ ತಲುಪುವಷ್ಟರಲ್ಲಿ, ಅವಳು ಕಿರುಚಿದ ತುಣುಕನ್ನಷ್ಟೇ ಯಾರೋ ಕತ್ತರಿಸಿ ಎಲ್ಲ ಗ್ರೂಪುಗಳಿಗೂ ಹರಿಬಿಟ್ಟಿದ್ದರು. 'ಕರೆಂಟ್ ಮೀನಿನ ದಾಳಿ: ಪತ್ರಕರ್ತೆ ಗಂಭೀರ.' ಗುರುಸಂಗಪ್ಪನವರು ಅಲ್ಲೇ ತುರ್ತಾಗಿ ಇನ್ನೊಂದು ಗೋಷ್ಠಿ ಕರೆದು, ತಂಗಿ ಶಿವಲೀಲಾ ಬೇಗ ಚೇತರಿಸಿಕೊಳ್ಳಲಿ ಎಂದು ಗದ್ಗದಿತರಾಗಿ ಹಾರೈಸುತ್ತಿದ್ದರು. ಅವಳು ಒದ್ದೆ ಚೂಡಿದಾರದಲ್ಲೇ ಬಂದು ಮುಂದಿನ ಸಾಲಿನಲ್ಲಿ ಕುಳಿತಳು.

"ಸರ, ನಾನು ಇಲ್ಲೇ ಅದೀನಿ. ಮೀನು ನೋಡಿದೋರು ಯಾರ್ರಿ?"

ಗುರುಸಂಗಪ್ಪನವರು ನೀರು ಕುಡಿದರು. ಆಗ, ಎಂದೂ ಪ್ರಶ್ನೆ ಕೇಳದ ಹಡಗಲಿಯ ವರದಿಗಾರ ಪ್ರವೀಣಕುಮಾರ್ ತಟ್ಟೆ ಕೆಳಗಿಟ್ಟು, ಹೌದ್ರಿ, ಯಾರು ನೋಡ್ಯಾರ ಹೇಳ್ರಿ ಎಂದ. ಅವನ ಹಿಂದೆ ಕೂಡ್ಲಿಗಿಯವರು ಕೇಳಿದರು, ಹಗರಿಬೊಮ್ಮನಹಳ್ಳಿಯವರೂ ಕೇಳಿದರು. ಸಾಹೇಬರು ಬಾರದ ಫೋನನ್ನು ಕಿವಿಗೆ ಹಿಡಿದು ಹಿಂಬಾಗಿಲಿನಿಂದ ಹೊರಟೇಹೋದರು.

ಆ ವಾರದ ಪತ್ರಿಕೆಯಲ್ಲಿ ಶಿವಲೀಲಾ ಎಲ್ಲವನ್ನೂ ಬರೆದಳು. ಮೀನಿಲ್ಲವೆಂದು ಗೊತ್ತಿದ್ದೂ ತಾನು ಕಿರುಚಿದೆ, ಅಂಜಿಸುವವರು ನಂಬಿ ಕುಳಿತಿರುವುದು ಈ ಅಂಜಿಕೆಯನ್ನೇ ಎಂದೂ ಸೇರಿಸಿದಳು. ಓದಿದವರು ಕೆಲವರೇ. ಕಿರುಚಾಟವನ್ನು ಮಾತ್ರ ಜಿಲ್ಲೆಗೆ ಜಿಲ್ಲೆಯೇ ನೋಡಿತ್ತು.

ಗುಡೇಕೋಟೆಯಿಂದ ಅವಳ ದೊಡ್ಡವ್ವ ನಾಗಲಿಂಗಮ್ಮ ವಿಡಿಯೋ ಕಾಲ್ ಮಾಡಿ ಕಾಲು ತೋರಿಸು ಎಂದಳು. ಶಿವಲೀಲಾ ಎರಡನ್ನೂ ಎತ್ತಿ ತೋರಿಸಿದಳು. ದೊಡ್ಡವ್ವ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಸುಟ್ಟಿಲ್ಲ ಬಿಡು," ಎಂದಳು. "ಆದ್ರ ಎಷ್ಟು ಕಪ್ಪಾಗ್ಯಾವ ನೋಡು. ಬಿಸಿಲಾಗ ಅಡ್ಡಾಡಬ್ಯಾಡ."