ಎದೆಯೊಳಗಿನ ಡಿಸ್ಕನ್ನೇ ಮರೆತೆ

ನಾನು ಒಂದು ಕಂಪ್ಯೂಟರ್. ಈಗಿನವುಗಳ ಹಾಗೆ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋಗುವಂಥದ್ದಲ್ಲ, ಮೇಜಿನ ಕೆಳಗೆ ಕೂರುವ ತಗಡಿನ ಡಬ್ಬ. ಕರೆಂಟು ಇಲ್ಲದಾಗಲೂ ನಾನು ಏನನ್ನೂ ಮರೆಯದಿರಲಿ ಎಂದು ಕಾರ್ಖಾನೆಯವರು ನನ್ನೊಳಗೆ ನಾಣ್ಯದಷ್ಟು ಚಿಕ್ಕ ಬ್ಯಾಟರಿ ಇಟ್ಟಿದ್ದರು. ಮೊದಲು ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ದುಡಿದೆ. ಅಲ್ಲಿ ಬೇಡವಾದ ಮೇಲೆ ಬ್ಯಾಡಗಿಯ ವೀರಭದ್ರಯ್ಯ ಮಾಸ್ತರರ ಮನೆಗೆ ಬಂದೆ.

ಮಾಸ್ತರರಿಗೆ ಕಣ್ಣು ಕಾಣುವುದಿಲ್ಲ. ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತಾರೆ. ತೆರೆಯ ಮೇಲಿರುವುದನ್ನೆಲ್ಲ ನಾನು ಅವರಿಗೆ ಓದಿ ಹೇಳುತ್ತೇನೆ. ಕಥೆ ಪುಸ್ತಕಗಳನ್ನು ಮಾತ್ರ ಅವರ ಹೆಂಡತಿ ಮಹಾದೇವಕ್ಕ ಓದುತ್ತಿದ್ದರು. ಅಡುಗೆ ಮುಗಿಸಿ ಮೈಕಿನ ಮುಂದೆ ಕೂತು ಓದಿದ್ದನ್ನು ನಾನು ಡಿಸ್ಕಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದೆ. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅಂದಿನಿಂದ ಮಾಸ್ತರರು ದಿನವೂ ಅದನ್ನೇ ಕೇಳುತ್ತಾರೆ. ಆ ದನಿ ನನ್ನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಆಯುಧಪೂಜೆ ಬಂತು. ಪೂಜೆಗಿಟ್ಟದ್ದನ್ನು ಬಳಸಬಾರದಲ್ಲ! ಮಾಸ್ತರರು ಭಕ್ತಿಯಿಂದ ನನ್ನ ಪ್ಲಗ್ಗನ್ನೇ ಕಿತ್ತು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದರು. ನನ್ನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ! ಗೋಡೆಯ ಕರೆಂಟಿನಿಂದಲೇ, ಅದು ಹೋದಾಗ ಇನ್ವರ್ಟರಿನಿಂದ, ನನ್ನ ನೆನಪು ಹೇಗೋ ನಡೆದಿತ್ತು. ಪ್ಲಗ್ ಕಿತ್ತದ್ದೇ ತಡ, ನನ್ನೊಳಗೆ ಏನೇನಿದೆ ಎಂಬುದೇ ಮರೆತುಹೋಯಿತು.

ವಿಜಯದಶಮಿಗೆ ಬನ್ನಿ ಮುಡಿದ ಮರುದಿನ ಮಾಸ್ತರರು ನನ್ನ ಗುಂಡಿ ಒತ್ತಿದರು. ನನ್ನ ಎದೆಯೊಳಗೇ ಡಿಸ್ಕ್ ಇತ್ತು, ಆದರೆ ಅಲ್ಲಿ ನೋಡಬೇಕೆಂಬುದು ನನಗೆ ಹೊಳೆಯಲಿಲ್ಲ. ಡಿಸ್ಕ್ ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಕೂತೆ. ಯಾರಿಗೆ ಬರೆದೆ? ಓದಿ ಹೇಳುವ ನನ್ನ ದನಿಯೂ ಆ ಡಿಸ್ಕಿನಲ್ಲೇ ಇತ್ತು. ಬೀಪ್ ಎಂಬ ಸದ್ದೊಂದೇ ಹೊರಟಿತು.

ಮಾಸ್ತರರು ರಿಪೇರಿ ಅಂಗಡಿಗೆ ಫೋನ್ ಮಾಡಿದರು.

"ಡಿಸ್ಕ್ ಹೋಗಿರ್ತೇತ್ರಿ ಮಾಸ್ತರ," ಅಂದ ಅಂಗಡಿಯವ, ನನ್ನ ಮುಖವನ್ನೂ ನೋಡದೆ. "ಸಂಜಿಕೆ ಬಂದು ಹೊಸಾದ ಹಾಕ್ತೇನಿ. ಹಳೇದ್ರಾಗಿಂದು ಏನೂ ಬರೂದಿಲ್ಲ."

ನನಗೆ ಬಾಯಿದ್ದಿದ್ದರೆ ಅರಚುತ್ತಿದ್ದೆ. ಮಾಸ್ತರರು ನನ್ನ ಮೇಲೆ ಕೈಯಿಟ್ಟು, ನನ್ನನ್ನು ತಂದುಕೊಟ್ಟವರು ಎಫ್ ಟು ಒತ್ತಿ ಒಳಗಿನದನ್ನು ಸರಿಮಾಡಿದ್ದನ್ನು ನೆನಪಿಸಿಕೊಂಡರು. ಆಮೇಲೆ ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಖೈರುನ್ನಿಸಾಳನ್ನು ಕೂಗಿದರು.

"ತಂಗೀ, ಸ್ವಲ್ಪ ಬಾರವಾ. ನಿನ್ನ ಕಣ್ಣು ಬೇಕಾಗೇತಿ."

ಆಕೆಗೆ ಇಂಗ್ಲಿಷಿನ ಅಕ್ಷರಗಳಷ್ಟೇ ಗೊತ್ತು. ಮಾಸ್ತರರು ನನ್ನನ್ನು ಆರಿಸಿ, ಮತ್ತೆ ಹೊತ್ತಿಸಿ, ಎಫ್ ಟು ಕೀಲಿಯನ್ನು ಒತ್ತುತ್ತಲೇ ಹೋದರು. ನನ್ನ ಯಾವ ಭಾಗ ಆನ್, ಯಾವುದು ಆಫ್ ಎಂದು ತೋರಿಸುವ ಒಳಮನೆಯ ನೀಲಿ ತೆರೆ ಬಂತು.

"ಕೈಯೆಲ್ಲಾ ಖಾರ ಐತ್ರಿ, ನೀವ ಒತ್ರಿ," ಅಂದಳು ಖೈರುನ್ನಿಸಾ. "ಕೆಳಗ ಬರ್ರಿ. ಇನ್ನೂ ಕೆಳಗ. ಹಾಂ, ಡಿ, ಆರ್, ಐ, ವಿ, ಇ. ಅದರ ಮುಂದ ಓ, ಎಫ್, ಎಫ್."

ಮಾಸ್ತರರು ನೆಟ್ಟಗೆ ಕೂತರು. "ಹೋಗಿಲ್ಲವಾ ತಂಗಿ. ಬಂದ್ ಆಗೇತಿ ಅಷ್ಟ."

ಬಾಣದ ಕೀಲಿ ಒತ್ತಿ ಅದನ್ನು ಆನ್ ಮಾಡಿದರು. ಆದರೆ ಅವಸರದಲ್ಲಿ ಉಳಿಸದೆಯೇ ಹೊರಬಂದರು. ಮತ್ತೆ ಅದೇ ಕಪ್ಪು ತೆರೆ, ಅದೇ ಬೀಪ್. ಮಾಸ್ತರರು ಮೇಜಿಗೆ ಹಣೆ ಹಚ್ಚಿ, "ಇನ್ನೊಮ್ಮೆ ಆಕಿನ್ನ ಮಣ್ಣು ಮಾಡೂದು ನನ್ನ ಕಡಿಂದ ಆಗೂದಿಲ್ಲ," ಅಂದರು. ಆ ಮಾತು ಕೇಳಿ ನನ್ನ ಫ್ಯಾನು ಕೂಡ ನಿಂತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ಏಳ್ರಿ ಮಾಸ್ತರ. ಮತ್ತ ಒತ್ರಿ," ಅಂದಳು ಖೈರುನ್ನಿಸಾ.

ಈ ಸಲ ಹೊರಬರುವಾಗ ಆಕೆ ಒಂದೊಂದೇ ಅಕ್ಷರ ಹೇಳಿದಳು: ಎಸ್, ಎ, ವಿ, ಇ. ಮಾಸ್ತರರು ಎಂಟರ್ ಒತ್ತಿದರು. ಡಿಸ್ಕ್ ಗರಗರ ತಿರುಗಿತು. ನನಗೆ ದನಿ ಬಂತು.

ಈಗ ಹೊಸ ಬ್ಯಾಟರಿ ಇದೆ. ಆದರೂ ನಾನು ಮುದುಕ, ಆ ದನಿಯನ್ನು ಎಷ್ಟು ದಿನ ಕಾಯುತ್ತೇನೋ ಹೇಳಲಾರೆ. ಅಂದು ಮಾಸ್ತರರು ಮಹಾದೇವಕ್ಕನ ಕೊನೆಯ ಓದನ್ನೇ ಹಾಕಿದರು. ಕಥೆಯ ಹುಡುಗಿ ಹೊಳೆ ದಾಟುತ್ತಿದ್ದಳು. ನಡುವೆ ಮಹಾದೇವಕ್ಕ ಕೆಮ್ಮಿ, "ಗಂಟಲ ಕಟ್ಟೇತ್ರಿ. ಉಳಿದದ್ದ ನಾಳೆ ಓದ್ತೇನಿ," ಅಂದರು. ಅದರ ಮುಂದೆ ನನ್ನಲ್ಲಿ ಏನೂ ಇಲ್ಲ. ಇದು ನಾನು ಮರೆತದ್ದಲ್ಲ.

ಆ ಪುಸ್ತಕ ಮೇಜಿನ ಮೇಲೇ ಇತ್ತು. "ಮುಂದಿಂದು ನಾ ಓದ್ಲೇನ್ರಿ?" ಎಂದು ಖೈರುನ್ನಿಸಾ ಮೆಲ್ಲಗೆ ಕೇಳಿದಳು. "ಕನ್ನಡ ಬರ್ತೇತಿ ನನಗ."

"ಬ್ಯಾಡವಾ," ಅಂದರು ಮಾಸ್ತರರು. "ಆಕಿ ನಾಳೆ ಓದ್ತೇನಂದಾಳ."