ತಲೆಕೆಳಗಾಗಿ ಹೊಲಿದ ಮಡಿಕೆ

ಬೈಗುಳ ತಿಂದು ಬೇಸತ್ತವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಹೊಗಳಿಕೆ ತಿಂದು ಅಜೀರ್ಣವಾದವಳು ಈ ಹುಡುಗಿಯೊಬ್ಬಳೇ ಇರಬೇಕು.

ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಸೋದರಮಾವನ ಅಂಗಡಿಯಲ್ಲಿ ಅವಳು ಸೂಜಿ ಹಿಡಿದು ಮೂರು ವರ್ಷ. ಹಾಳೆಗಳನ್ನು ಮಡಚಿ ಮಾಡಿದ ಮಡಿಕೆಗಳನ್ನು ಒಂದರ ಮೇಲೊಂದು ಪೇರಿಸಿ, ಬೆನ್ನಿಗೆ ಹೊಲಿದು, ಅಂಟು ಬಳಿಯುವ ಮೊದಲು ಮಾವನ ಮುಂದಿಡಬೇಕು. ಅವನು ಒಪ್ಪಿದರೆ ಹೊಲಿದವರು ಹಿಂದಿನ ರಟ್ಟಿನೊಳಗೆ ತಮ್ಮ ಪುಟ್ಟ ಮುದ್ರೆ ಒತ್ತಬಹುದು. ಅದು ಆ ಅಂಗಡಿಯ ನೇಮ. ಅವಳ ಹಿತ್ತಾಳೆ ಮುದ್ರೆ ಮಾತ್ರ ಮಸಿಯ ಮುಖವನ್ನೇ ಕಾಣದೆ ಡ್ರಾಯರಿನಲ್ಲಿ ಕೂತಿತ್ತು. ಒತ್ತಬೇಡ ಎಂದವರು ಯಾರೂ ಇಲ್ಲ. ಏನು ಮುಂದಿಟ್ಟರೂ ಮಾವನದು ಒಂದೇ ಮಾತು: "ನೈಸ್ ಕಣೇ. ಒತ್ತು."

ಮಡಿಕೆ ಸೊಟ್ಟಗಿದ್ದರೂ ನೈಸ್, ದಾರ ಜೋತಾಡಿದರೂ ನೈಸ್. ಇಂಥ ಒಪ್ಪಿಗೆಯನ್ನು ನಂಬಿ ಮುದ್ರೆ ಒತ್ತುವುದು ಹೇಗೆ?

ಮೊದಲು ಮಾವ ಹೀಗಿರಲಿಲ್ಲ. ಅವನ ನಾಲಿಗೆ ಕಾಗದ ಕತ್ತರಿಸುವ ಚೂರಿಗಿಂತ ಹರಿತ. ಅಲ್ಲೇ ಕೆಲಸ ಕಲಿಯುತ್ತಿದ್ದ ಅವಳ ಅಣ್ಣ ಒಂದು ದಿನ ಸೂಜಿ ಎಸೆದು ಹೋದವನು ಮತ್ತೆ ಆ ಮೆಟ್ಟಿಲು ತುಳಿಯಲಿಲ್ಲ. ಅಂದು ಮಾವ ದೇವರ ಮುಂದೆ ಕೈಮುಗಿದು, ಇನ್ನು ಈ ಬಾಯಿಂದ ಯಾರಿಗೂ ಕಹಿ ಮಾತು ಬಾರದಿರಲಿ ಎಂದು ಬೇಡಿಕೊಂಡಿದ್ದ.

ಆ ವಾರ ಮೇಷ್ಟರೊಬ್ಬರು ಇಂಗ್ಲಿಷ್ ಪದಗಳ ಹುಟ್ಟು ಬೆಳವಣಿಗೆ ಹೇಳುವ ದಪ್ಪ ನಿಘಂಟನ್ನು ತಂದುಕೊಟ್ಟಿದ್ದರು. ಮಡಿಕೆ ಜೋಡಿಸುವಾಗ ಅವಳ ಕಣ್ಣು ಮಾವನ ಆ 'ನೈಸ್' ಪದದ ಮೇಲೆ ಬಿತ್ತು. ಹುಟ್ಟಿದ್ದು ಲ್ಯಾಟಿನ್ನಿನಲ್ಲಿ, 'ಏನೂ ತಿಳಿಯದವನು' ಎಂಬ ಅರ್ಥದಲ್ಲಿ. ಇಂಗ್ಲಿಷಿಗೆ ಬರುವಾಗ 'ಪೆದ್ದ' ಆಗಿತ್ತು. ಆಮೇಲೆ ನಾಚುವವನು, ನಾಜೂಕಿನವನು. ಮುಂದೆ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುವ ಸೂಕ್ಷ್ಮ. ಕೊನೆಗೆ ಎಲ್ಲದಕ್ಕೂ ಸಲ್ಲುವ 'ಚೆನ್ನಾಗಿದೆ'. ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಬೆನ್ನು ತಟ್ಟಿದ್ದು ಈ ಊರೂರು ಅಲೆದ ಮಾತೇ! ಅದೇ ಸಿಟ್ಟಿನಲ್ಲಿ ಆ ಮಡಿಕೆಯನ್ನು ಬೇಕೆಂದೇ ತಲೆಕೆಳಗು ಮಾಡಿ ಹೊಲಿದು ಮಾವನ ಮುಂದಿಟ್ಟಳು.

ಮಾವ ಪುಟ ಸರಿಸಿದ. ಕೈ ಒಂದು ಕಡೆ ನಿಂತಿತು. ಗಂಟಲು ಸರಿಮಾಡಿಕೊಂಡ.

"ನೈಸ್ ಕಣೇ. ಒತ್ತು."

"ಮಾವ, ನಿಂಗೆ ಕಾಣಿಸ್ತು. ಕೈ ಅಲ್ಲೇ ನಿಂತಿದ್ದನ್ನ ನೋಡ್ದೆ."

"ಏನ್ ಕಾಣ್ಸೋದು? ಸುಮ್ನಿರು."

"ಅಣ್ಣಂಗೆ ಬೈದ ಪಾಪಾನ ನನ್ನ ಕೆಲಸದ ಮೇಲೆ ತೊಳ್ಕೋಬೇಡ! ಅವನಿಗೆ ಬೈದು ಬೈದು ಕಲಿಸ್ದೆ. ನಂಗೆ ಬೆಣ್ಣೆ ಹಚ್ಚಿ ಹಚ್ಚಿ ದಡ್ಡಿ ಮಾಡ್ತಿದೀಯ. ಇದು ಚೆನ್ನಾಗಿದ್ಯಾ? ದೇವರ ಮೇಲೆ ಆಣೆ ಇಟ್ಟು ಹೇಳು."

ಮಾವ ಪುಸ್ತಕವನ್ನು ಮತ್ತೆ ತನ್ನತ್ತ ಎಳೆದುಕೊಂಡ. ತುಕ್ಕು ಹಿಡಿದ ಬಾಗಿಲು ತೆರೆದಂತೆ, ಮಾತು ಹೊರಟಿತು.

"ಕತ್ತೆ. ಮಡಿಕೆ ತಲೆಕೆಳಗಿದೆ."

"ಅದು ಬೇಕಂತ್ಲೇ ಮಾಡಿದ್ದು," ಎಂದಳು ಗೆದ್ದವಳಂತೆ.

"ಗೊತ್ತು. ಇದೋ, ನಾಲ್ಕನೇ ಹೊಲಿಗೆ ಸಡಿಲ. ಅದೂ ಬೇಕಂತ್ಲಾ? ಕಡೇ ಗಂಟು ಮಡಿಕೆ ಒಳಗೆ ಹೋಗಿದೆ. ಎಂಟನೇ ಮಡಿಕೆ ಬೆನ್ನು ಸೀಳಿದೀಯ. ಯಾವ ಜ್ಞಾನ ಇಟ್ಕೊಂಡು ಹೊಲಿದ್ಯೇ?"

ಆ ಮೂರೂ ಅವಳಿಗೆ ಗೊತ್ತೇ ಇರಲಿಲ್ಲ. ಅಳುವೂ ಸಿಟ್ಟೂ ಒಟ್ಟಿಗೇ ನುಗ್ಗಿ ಬಂದವು.

"ಅಣ್ಣನ ಹಾಗೆ ಹೋಗ್ತೀಯಾ?" ಎಂದ ಮಾವ. ದನಿಯಲ್ಲಿ ಹೆದರಿಕೆಯಿತ್ತು.

ಅವಳು ತೆರೆದೇ ಇದ್ದ ಮುದ್ರೆಯ ಡ್ರಾಯರನ್ನು ಮೊಣಕಾಲಿನಿಂದ ದಡಾರನೆ ಮುಚ್ಚಿ, ಚೂರಿ ಎತ್ತಿಕೊಂಡು, ಮೊದಲ ಹೊಲಿಗೆಯಿಂದಲೇ ದಾರ ಕತ್ತರಿಸತೊಡಗಿದಳು.